ರಾಯಭಾರ ಕಚೇರಿಯ ಏಣಿ

ಪಕ್ಕದ ಅಂಗಡಿಯ ದರ್ಜಿ ಬೆಳಿಗ್ಗೆ ಎಂಟೂವರೆಗೆ ಬಂದು, ಟ್ಯೂಬ್‌ಲೈಟ್ ಬದಲಾಯಿಸಬೇಕು, ಸ್ವಲ್ಪ ಏಣಿ ಕೊಡಿ ಎಂದಾಗ ತಕ್ಕಡಿಯವರು ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟರು. ಆರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ ಮನುಷ್ಯ ಅವತ್ತೇ ಹೀಗೆ ಮೈಮರೆಯಬೇಕೇ?

ತಕ್ಕಡಿ ಅನ್ನುವುದು ಅವರ ಹೆಸರಲ್ಲ. ಅವರು ರಾಯಭಾರ ಕಚೇರಿಯ ಎರಡನೇ ಕಾರ್ಯದರ್ಶಿ. ಪರದೇಶದ ಚುನಾವಣೆಯಲ್ಲಿ ನಮ್ಮ ಕಚೇರಿ ಯಾರ ಪರವನ್ನೂ ವಹಿಸಕೂಡದು, ಯಾರನ್ನೂ ವಿರೋಧಿಸಕೂಡದು ಎಂಬ ಹನ್ನೊಂದು ಪುಟದ ಸುತ್ತೋಲೆಯನ್ನು ಬರೆದವರು ಅವರೇ. ಯಾವ ಪಕ್ಷದ ಮೆರವಣಿಗೆ ಎದುರಾದರೂ ಸಿಬ್ಬಂದಿ ಪಕ್ಕದ ರಸ್ತೆ ಹಿಡಿಯಬೇಕು. ಅಭ್ಯರ್ಥಿಗಳು ನಕ್ಕರೆ ನಗಕೂಡದು, ನಗಲೇಬೇಕಾಗಿ ಬಂದರೆ ಎಲ್ಲರಿಗೂ ಒಂದೇ ಸಮನಾಗಿ ನಗಬೇಕು. ಈ ಕೊನೆಯ ಸಾಲನ್ನು ಓದಿದ ವೀಸಾ ಕೌಂಟರಿನಾಕೆ ಅವರಿಗೆ ತಕ್ಕಡಿ ಎಂದು ಹೆಸರಿಟ್ಟಳು. ಅದು ಕಾವಲುಗಾರನವರೆಗೂ ಹಬ್ಬಿತು.

ಅವತ್ತು ಸಂಜೆ ಐದಕ್ಕೆ ಪ್ರಚಾರ ಮುಗಿಯುವುದಿತ್ತು. ತಕ್ಕಡಿಯವರನ್ನು ತಾಯ್ನಾಡಿಗೆ ವರ್ಗ ಮಾಡುವ ಕಾಗದ ರಾಯಭಾರಿಗಳ ಮೇಜಿನ ಮೇಲಿತ್ತು. ಪ್ರಚಾರ ಮುಗಿಯುವವರೆಗೆ ಕಚೇರಿಯ ಮೇಲೆ ಒಂದೇ ಒಂದು ದೂರು ಬರದಿದ್ದರೆ ಸಹಿ ಹಾಕುತ್ತೇನೆ ಎಂದಿದ್ದರು ರಾಯಭಾರಿಗಳು. ತಕ್ಕಡಿಯವರ ಮಗಳು ಓದಿಗೆಂದು ಸೋದರಮಾವನ ಮನೆಯಲ್ಲಿದ್ದಳು. ಅವಳ ಮುಖ ನೋಡಿ ಎರಡು ವರ್ಷವಾಗಿತ್ತು. ಹೆಂಡತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಇವತ್ತೊಂದು ದಿನ ಯಾರ ತಂಟೆಗೂ ಹೋಗಬೇಡಿ ಎಂದಿದ್ದಳು, ಕೈಮುಗಿಯುವುದೊಂದು ಬಾಕಿ.

ಒಂಬತ್ತಕ್ಕೆ ತಕ್ಕಡಿಯವರು ಕಿಟಕಿಯಿಂದಾಚೆ ನೋಡಿದರು. ಏಣಿ ಬೀದಿದೀಪದ ಕಂಬಕ್ಕೆ ಒರಗಿತ್ತು. ಅದರ ತುದಿಯಲ್ಲಿ ನಿಂತ ಒಬ್ಬ, ಆ ಕ್ಷೇತ್ರದಲ್ಲಿ ಚುನಾವಣೆಗೆ ನಿಂತಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿಯ ಬ್ಯಾನರನ್ನು ಕಟ್ಟುತ್ತಿದ್ದ. ಏಣಿಯ ಎರಡೂ ಕಾಲುಗಳ ಮೇಲೆ ರಾಯಭಾರ ಕಚೇರಿಯ ಹೆಸರನ್ನು ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದಿತ್ತು. ಹಿಂದೊಮ್ಮೆ ಒಂದು ಏಣಿ ಕಳೆದುಹೋಗಿದ್ದರಿಂದ, ಆಚೆ ಬೀದಿಗೂ ಕಾಣುವ ಹಾಗೆ ಬರೆಸಿದವರೂ ತಕ್ಕಡಿಯವರೇ.

ಏದುಸಿರು ಬಿಡುತ್ತಾ ಓಡಿಬಂದವರಿಗೆ ದರ್ಜಿ ತಣ್ಣಗೆ ಹೇಳಿದ: "ಟ್ಯೂಬ್‌ಲೈಟ್ ಹಾಕಿದ್ದಾಯ್ತು ಸಾರ್. ಏಣಿ ಸುಮ್ನೆ ನಿಂತಿತ್ತಲ್ಲ, ಅದಕ್ಕೆ."

ಈಗಲೇ ಇಳಿಸಿ ಎನ್ನಲು ತಕ್ಕಡಿಯವರು ಬಾಯಿ ತೆರೆದರು, ಹಾಗೇ ಮುಚ್ಚಿದರು. ಬ್ಯಾನರು ಅರ್ಧ ಕಟ್ಟಿ ಆಗಿತ್ತು. ಮುಖ್ಯೋಪಾಧ್ಯಾಯಿನಿಯ ಒಂದು ಕಣ್ಣು, ಅರ್ಧ ಮೂಗು ಮಾತ್ರ ಕಾಣುತ್ತಿದ್ದವು. ಈಗ ಏಣಿ ಕಿತ್ತುಕೊಂಡರೆ ವಿರೋಧ, ಬಿಟ್ಟರೆ ಬೆಂಬಲ. ಸುತ್ತೋಲೆಯ ಹನ್ನೊಂದು ಪುಟದಲ್ಲಿ ಏಣಿಯ ಮಾತೇ ಇರಲಿಲ್ಲ. ಬೇಗ ಮುಗಿಸಿ ಎಂದು ಗೋಗರೆದರು. ಅಷ್ಟರಲ್ಲಿ ಏಣಿ ಜಾರತೊಡಗಿತು. ಮೇಲಿದ್ದವನು ಬಿದ್ದು ಸೊಂಟ ಮುರಿದುಕೊಂಡರೆ ಅದಿನ್ನೂ ದೊಡ್ಡ ಕತೆಯೆಂದು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದರು. ಎದುರು ಅಂಗಡಿಯ ವಾಚ್ ರಿಪೇರಿಯವನು ಅದೇ ಗಳಿಗೆಯಲ್ಲಿ ಫೋಟೋ ತೆಗೆದ.

ವಾಚ್ ರಿಪೇರಿಯವನು ಎದುರು ಪಕ್ಷದ ಅಭ್ಯರ್ಥಿಯಾದ ಹಲ್ಲಿನ ಡಾಕ್ಟರ ಕಡೆಯವನು. ಹತ್ತು ಗಂಟೆಗೆ ಫೋನು ಹಿಡಿದುಕೊಂಡು ಕಚೇರಿಗೇ ಬಂದ. ಫೋಟೋದಲ್ಲಿ ತಕ್ಕಡಿಯವರು ಏಣಿಯನ್ನು ಅಪ್ಪಿಕೊಂಡು, ಮುಖ್ಯೋಪಾಧ್ಯಾಯಿನಿಯನ್ನು ತಲೆಯೆತ್ತಿ ಭಕ್ತಿಯಿಂದ ನೋಡುತ್ತಿದ್ದರು. ನಿಜವಾಗಿ ಅವರು ನೋಡುತ್ತಿದ್ದದ್ದು ಗಂಟು ಮುಗಿಯಿತೇ ಎಂದು. ಫೋಟೋಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು?

"ನಾವೇನೂ ದೂರು ಕೊಡಲ್ಲ," ಎಂದ ವಾಚ್ ರಿಪೇರಿಯವನು. "ಅವರಿಗೆ ನಲವತ್ತು ನಿಮಿಷ ಏಣಿ ಸಿಕ್ತು. ನಮಗೂ ನಲವತ್ತು ನಿಮಿಷ ಕೊಡಿ. ಮತ್ತೆ, ನೀವೇ ಹಿಡ್ಕೋಬೇಕು."

ವೀಸಾ ಕೌಂಟರಿನಾಕೆ ಸಾಲಿನಲ್ಲಿ ನಿಂತವರನ್ನೆಲ್ಲ ಬಿಟ್ಟು ಬಂದು ಮೂಗು ತೂರಿಸಿದಳು. ಕೊಟ್ಟುಬಿಡಿ ಸಾರ್, ನಗೋದಾದ್ರೆ ಎಲ್ಲರಿಗೂ ಒಂದೇ ಸಮ ನಗಬೇಕು ಅಂತ ನೀವೇ ಬರೆದಿದ್ದೀರಲ್ಲ, ಏಣಿಗೂ ಅದೇ ಲೆಕ್ಕ ಅಂದಳು. ತಕ್ಕಡಿಯವರಿಗೆ ಅವಳ ಮೇಲೆ ಕೆಟ್ಟ ಕೋಪ ಬಂತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲ.

ಹಾಗಾಗಿ ಹತ್ತೂಕಾಲಕ್ಕೆ ಅವರು ಮತ್ತೆ ಬೀದಿಯಲ್ಲಿ ಏಣಿ ಹಿಡಿದು ನಿಂತಿದ್ದರು. ಬ್ಯಾನರಿನಲ್ಲಿದ್ದ ಹಲ್ಲಿನ ಡಾಕ್ಟರು ಮೂವತ್ತೆರಡು ಹಲ್ಲೂ ಬಿಟ್ಟುಕೊಂಡು ಮೇಲೇರಿದರು. ತಕ್ಷಣ ದರ್ಜಿ ಅಂಗಡಿಯಿಂದ ಹೊರಬಂದು, ಇವರ ಬ್ಯಾನರು ನಮ್ಮದಕ್ಕಿಂತ ಒಂದು ಗೇಣು ಮೇಲಿದೆ ಎಂದು ಆಕ್ಷೇಪಿಸಿದ. ಅಳೆಯಲು ತನ್ನ ಟೇಪನ್ನೇ ತಂದ. ಆ ಟೇಪು ಮುಖ್ಯೋಪಾಧ್ಯಾಯಿನಿಯ ಕಡೆಯದು, ಒಪ್ಪುವುದಿಲ್ಲ ಎಂದ ವಾಚ್ ರಿಪೇರಿಯವನು. ಕೊನೆಗೆ ಕಾವಲುಗಾರ ಕಚೇರಿಯ ಉಗ್ರಾಣದಿಂದ ಟೇಪು ಹುಡುಕಿ ತಂದ. ತಕ್ಕಡಿಯವರೇ ಏಣಿ ಹತ್ತಿ ಎರಡು ಬ್ಯಾನರನ್ನೂ ಅಳೆದು, ಡಾಕ್ಟರನ್ನು ನಾಲ್ಕು ಬೆರಳು ಕೆಳಗಿಳಿಸಿದರು. ಕೋಟಿನ ಬೆನ್ನಿನ ಹೊಲಿಗೆ ಬಿಟ್ಟುಕೊಂಡಿತು. ಹೊಲಿದುಕೊಡುತ್ತೇನೆ ಎಂದು ದರ್ಜಿ ಕೈಚಾಚಿದ. ಒಂದು ಪಕ್ಷದವನಿಂದ ಉಪಕಾರ ಪಡೆದಂತಾಗುತ್ತದೆಂದು ತಕ್ಕಡಿಯವರು ಹರಿದ ಕೋಟಿನಲ್ಲೇ ಒಳಗೆ ಬಂದರು.

ಇನ್ನು ಮುಗಿಯಿತು ಎಂದು ಏಣಿಯನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿದರು. ಬೀಗದ ಕೈಯನ್ನು ಜೇಬಿಗಿಳಿಸುವಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಮಾಲೀಕ ಬಂದು ನಿಂತ. ಅವನು ಪಕ್ಷೇತರ ಅಭ್ಯರ್ಥಿ. ಅವನಿಗೆ ಕಾರ್ಯಕರ್ತರಿಲ್ಲ, ಬ್ಯಾನರೂ ಇಲ್ಲ. ಏಣಿ ಮಾತ್ರ ಬೇಕಂತೆ.

"ಬ್ಯಾನರೇ ಇಲ್ಲ ಅಂದ್ಮೇಲೆ ಏಣಿ ಯಾಕಪ್ಪ ನಿಮಗೆ?" ಎಂದು ತಕ್ಕಡಿಯವರು ಅಳುವ ದನಿಯಲ್ಲಿ ಕೇಳಿದರು.

"ಅದು ನನ್ನ ಇಷ್ಟ ಸಾರ್. ದೊಡ್ಡ ಪಕ್ಷದವರನ್ನ ಹೀಗೆ ಕೇಳಿದ್ರಾ?"

ಕೇಳಿರಲಿಲ್ಲ. ಬೀಗ ತೆಗೆದರು.

ಅವನು ಏಣಿಯನ್ನು ರಸ್ತೆ ನಡುವಿನ ದೀಪದ ಕಂಬಕ್ಕೆ ಒರಗಿಸಿ, ತುದಿಗೇರಿ, ಭಾಷಣಕ್ಕೆ ಶುರುಹಚ್ಚಿಕೊಂಡ. ಕೆಳಗೆ ಕಚೇರಿಯ ಹೆಸರು, ಅದರ ಪಕ್ಕದಲ್ಲಿ ಹರಿದ ಕೋಟಿನ ತಕ್ಕಡಿಯವರು. ಐದು ನಿಮಿಷದಲ್ಲಿ ಇನ್ನೂರು ಜನ ಸೇರಿದರು. ಈ ರಾಯಭಾರ ಕಚೇರಿಗಳವರು ಕಾರುಗಳನ್ನು ರಸ್ತೆಯುದ್ದ ನಿಲ್ಲಿಸಿ, ಕಲಿಯುವವರು ಗಾಡಿ ತಿರುಗಿಸಲೂ ಜಾಗವಿಲ್ಲದ ಹಾಗೆ ಮಾಡಿದ್ದಾರೆ ಎಂದು ಅವನು ಗುಡುಗಿದ. ಜನ ಚಪ್ಪಾಳೆ ತಟ್ಟಿದರು. ತಲೆಯಾಡಿಸಿದರೆ ಒಪ್ಪಿದಂತೆ, ಮುಖ ಗಂಟಿಕ್ಕಿದರೆ ವಿರೋಧಿಸಿದಂತೆ. ತಕ್ಕಡಿಯವರು ಮುಖವನ್ನು ಗೋಡೆಯ ಹಾಗೆ ಮಾಡಿಕೊಂಡು, ತಮ್ಮನ್ನೇ ಬೈಯುವವನು ಬೀಳದಂತೆ ಏಣಿ ಹಿಡಿದುಕೊಂಡರು.

ಆಗಲೇ ರಾಯಭಾರಿಗಳ ಕಾರು ಬಂದು ಗುಂಪಿನಲ್ಲಿ ಸಿಕ್ಕಿಕೊಂಡಿತು. ಜನ ಅದಕ್ಕೆ ಬೆರಳು ತೋರಿಸಿ ಕೂಗಿದರು. ಕಿಟಕಿಯ ಗಾಜು ಇಳಿಯಿತು. ರಾಯಭಾರಿಗಳು ಭಾಷಣಕಾರನನ್ನು, ಏಣಿಯನ್ನು, ಏಣಿ ಹಿಡಿದ ತಮ್ಮ ಕಾರ್ಯದರ್ಶಿಯನ್ನು ಒಂದೊಂದಾಗಿ ನೋಡಿದರು. ಗಾಜು ಮೇಲೇರಿತು. ತಕ್ಕಡಿಯವರಿಗೆ ಮಗಳ ನೆನಪಾಯಿತು. ಆದರೂ ನಲವತ್ತು ನಿಮಿಷ ಆಗಿರಲಿಲ್ಲ. ಏಣಿ ಬಿಡುವ ಹಾಗಿರಲಿಲ್ಲ.

ಸಂಜೆ ಐದು ಹೊಡೆಯಿತು. ದರ್ಜಿ, ವಾಚ್ ರಿಪೇರಿಯವನು, ಪಕ್ಷೇತರ, ಮೂವರೂ ಒಟ್ಟಿಗೆ ಒಂದು ಕಾಗದ ಹಿಡಿದು ರಾಯಭಾರಿಗಳ ಕೋಣೆಗೆ ಹೋದರಂತೆ ಎಂದು ವೀಸಾ ಕೌಂಟರಿನಾಕೆ ಸುದ್ದಿ ತಂದಳು. ಒಂದು ದೂರು ಸಾಕಾಗಿತ್ತು, ಈಗ ಮೂರು ಬಂದವು ಎಂದುಕೊಂಡು, ಕರೆ ಬಂದಾಗ ತಕ್ಕಡಿಯವರು ಕಾಲೆಳೆಯುತ್ತಾ ಒಳಗೆ ಹೋದರು.

ಅಲ್ಲೇ ನಿಂತಿದ್ದ ಆ ಮೂವರ ಎದುರಿಗೇ ರಾಯಭಾರಿಗಳು ಅವರ ಕಾಗದವನ್ನು ಗಟ್ಟಿಯಾಗಿ ಓದಿದರು. ಇಡೀ ಚುನಾವಣೆಯಲ್ಲಿ ನಮ್ಮ ಮೂವರನ್ನೂ ಒಂದೇ ಥರ ಕಂಡವರು ಈ ಊರಿನಲ್ಲಿ ಇವರೊಬ್ಬರೇ; ನಮ್ಮ ಚುನಾವಣಾ ಅಧಿಕಾರಿಗಳಿಂದಲೂ ಇಂಥ ನ್ಯಾಯ ಸಿಕ್ಕಿರಲಿಲ್ಲ ಎಂದು ಮೂರೂ ಅಭ್ಯರ್ಥಿಗಳು ಸಹಿ ಹಾಕಿದ್ದರು. ತಕ್ಕಡಿಯವರ ಕಣ್ಣಲ್ಲಿ ನೀರಾಡಿತು. ದೂರಿಲ್ಲ. ಅಂದರೆ ವರ್ಗ, ಊರು, ಮಗಳು.

"ನನಗೂ ಮೊದಲು ಅರ್ಥ ಆಗ್ಲಿಲ್ಲ ಕಣ್ರೀ," ಎಂದರು ರಾಯಭಾರಿಗಳು. "ನಮ್ಮನ್ನೇ ಬೈಯೋನಿಗೂ ಏಣಿ ಹಿಡಿದಿರಿ ನೋಡಿ, ಅದು ದೊಡ್ಡದು. ಮುಂದಿನ ತಿಂಗಳು ಎರಡನೇ ಸುತ್ತಿನ ಮತದಾನ, ಆಮೇಲೆ ನಗರಸಭೆ ಚುನಾವಣೆ, ಅದಾದ್ಮೇಲೆ ಮೇಲ್ಮನೆದು. ನಿಮ್ಮಂಥವರನ್ನ ಹೇಗ್ರೀ ಬಿಡೋದು? ಇನ್ನು ಮೂರು ವರ್ಷ ಇವರು ಇಲ್ಲೇ ಬೇಕು ಅಂತ ನಮ್ಮ ವಿದೇಶಾಂಗ ಇಲಾಖೆಗೆ ಈಗ ತಾನೇ ಬರೆದೆ."

ವರ್ಗದ ಕಾಗದವನ್ನು ಅವರು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದರು.

ತಕ್ಕಡಿಯವರು ಬೆಳಗಿನಿಂದ ತಡೆದುಕೊಂಡಿದ್ದೆಲ್ಲ ಒಮ್ಮೆಲೇ ಕಟ್ಟೆಯೊಡೆಯಿತು.

"ಸಾರ್, ನಾನು ಪಕ್ಷಪಾತಿ. ಮೊದಲಿಂದ್ಲೂ ನಾನು ಮುಖ್ಯೋಪಾಧ್ಯಾಯಿನಿಯವರ ಕಡೆ. ದರ್ಜಿಗೆ ಬೇಕಂತಲೇ ಎರಡು ನಿಮಿಷ ಜಾಸ್ತಿ ಕೊಟ್ಟೆ. ನನ್ನನ್ನ ಇವತ್ತೇ ವಾಪಸ್ ಕಳಿಸಿ."

"ಇಲ್ಲ ಸಾರ್, ನಮಗೂ ಎರಡು ನಿಮಿಷ ಜಾಸ್ತಿ ಸಿಕ್ಕಿದೆ," ಎಂದ ವಾಚ್ ರಿಪೇರಿಯವನು. "ನನ್ನ ವಾಚ್ ಸುಳ್ಳು ಹೇಳಲ್ಲ."

"ನನಗೂ ಅಷ್ಟೇ," ಎಂದ ಪಕ್ಷೇತರ.

ತಪ್ಪಿನಲ್ಲೂ ಸಮಾನತೆ ಎಂದು ರಾಯಭಾರಿಗಳು ಎದ್ದು ಬಂದು ಬೆನ್ನು ತಟ್ಟಿದರು. ದರ್ಜಿ ಕಣ್ಣೊರೆಸಿಕೊಂಡ.

ಹೊರಗೆ ಬರುವಷ್ಟರಲ್ಲಿ ಹೆಂಡತಿಯ ಫೋನು. ಸಹಿ ಆಯಿತಾ ಎಂದು ಕೇಳಿದಳು. ದೂರೇನೂ ಬರಲಿಲ್ಲ, ರಾಯಭಾರಿಗಳು ತುಂಬ ಮೆಚ್ಚಿದರು, ಒಂದು ರೀತಿಯಲ್ಲಿ ನೋಡಿದರೆ ಒಳ್ಳೆಯದೇ ಆಯಿತು, ಇನ್ನೊಂದು ರೀತಿಯಲ್ಲಿ ನೋಡಿದರೆ, ಎಂದು ತಕ್ಕಡಿಯವರು ತಡವರಿಸತೊಡಗಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

"ಹದಿನೆಂಟು ವರ್ಷ ಆಯ್ತು ಮದುವೆಯಾಗಿ," ಎಂದಳು ಕೊನೆಗೆ. "ನೀವು ಯಾರ ಕಡೆ ಅಂತ ನಂಗಿನ್ನೂ ಗೊತ್ತಾಗಿಲ್ಲ."