ಒಂದು ತಿಂಡಿಗೆ ಮೂರು ಊರು

ನಮ್ಮ ಸೋದರಮಾವ ಬೆಳಗಿನ ತಿಂಡಿ ತಿಂದು ಮುಗಿಸುವ ಹೊತ್ತಿಗೆ ದನಕರು ಮನೆಗೆ ತಿರುಗುವ ಸಮಯವಾಗುತ್ತಿತ್ತು. ಸುಳ್ಳಲ್ಲ! ಹಾಗೆಂದು ಅವರೇನು ಬಕಾಸುರನಲ್ಲ. ಎರಡು ಇಡ್ಲಿ, ಒಂದು ವಡೆ, ಒಂದು ಲೋಟ ಕಾಫಿ, ಅಷ್ಟೇ. ಆದರೆ ಇಡ್ಲಿ ಮಂಡ್ಯದಲ್ಲಿ, ವಡೆ ಮದ್ದೂರಿನಲ್ಲಿ, ಕಾಫಿ ಮಳವಳ್ಳಿಯಲ್ಲಿ! ನಡುವೆ ಒಂದು ರೈಲು, ಒಂದು ಬಸ್ಸು, ಬಸ್ಸು ಕೆಟ್ಟರೆ ಯಾರದೋ ಎತ್ತಿನ ಗಾಡಿ. ಕಾಫಿ ಗಂಟಲಿಗಿಳಿಯುವಾಗ ಇಡ್ಲಿ ಕರಗಿ ಎಷ್ಟು ಹೊತ್ತಾಗಿರುತ್ತಿತ್ತೆಂದರೆ, ಮತ್ತೆ ಮಂಡ್ಯಕ್ಕೆ ಹೋಗೋಣವೇ ಎಂದು ಹೊಟ್ಟೆಯೇ ಕೇಳುತ್ತಿತ್ತು.

ಎರಡನೇ ಮಹಾಯುದ್ಧದ ಕಾಲ ಅದು. ನಾನು ಇಂಟರ್‌ಮೀಡಿಯೆಟ್‌ನಲ್ಲಿ ಡುಮ್ಕಿ ಹೊಡೆದು, ಅಪ್ಪನ ಕಣ್ಣಿಗೆ ಬೀಳದಂತೆ ಮದ್ದೂರು ಬಳಿಯ ಕೊಪ್ಪದ ಮಾವನ ಮನೆ ಸೇರಿದ್ದೆ. ಫೇಲಾದವನಿಗೆ ಎಲ್ಲ ಕಡೆಗೂ ಹೋಗಲು ಪುರುಸೊತ್ತು. ಹಾಗಾಗಿ ಮಾವನ ತಿಂಡಿಯ ಯಾತ್ರೆಗೆ ನಾನೇ ಜೊತೆಗಾರ.

"ಮಾವ, ಮಂಡ್ಯದ ಹೋಟ್ಲಲ್ಲೇ ಕಾಫೀನೂ ಇತ್ತಲ್ಲ?" ಎಂದು ಮೊದಲ ದಿನ ಕೇಳಿದೆ.

"ಇತ್ತು ಕಣ್ಲಾ. ಮನೇಲಿ ಎಮ್ಮೆ ಇತ್ತು ಅಂತ ಅದರ ಮೇಲೆ ಏರ್ಕೊಂಡು ಮದ್ವೆಗೆ ಓಯ್ತೀಯಾ?"

ಇದು ಅವರ ಸಿದ್ಧಾಂತ. ಒಂದು ಹೋಟೆಲಿಗೆ ಒಂದೇ ತಿಂಡಿ ಕೈಹತ್ತುವುದು. ಉಳಿದದ್ದೆಲ್ಲ ಗಿರಾಕಿಗಳ ಬಾಯಿ ಮುಚ್ಚಿಸಲು ಮಾಡುವ ಶಾಸ್ತ್ರ. ಮಂಡ್ಯದ ಆ ಹೋಟೆಲು ಕಬ್ಬಿನ ಗಾಡಿಗಳು ಸಾಲುಗಟ್ಟಿ ಹೋಗುವ ದಾರಿಯಲ್ಲಿತ್ತು. ಹೊರಗೆ ಗಾಡಿಗಟ್ಟಲೆ ಕಬ್ಬು, ಗಾಳಿಯ ತುಂಬ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ. ಒಳಗೆ ಸಕ್ಕರೆ ರೇಷನ್ನಾಗಿ ಕಾಫಿಗೆ ಬೆಲ್ಲ! ಆದರೆ ಇಡ್ಲಿ? ಬಟ್ಟೆಯಿಂದ ಬಿಡಿಸುವಾಗ ಅದು ಮಗುವಿನ ಕೆನ್ನೆಯಂತೆ ಅಲುಗುತ್ತಿತ್ತು. ಒಳಗಿನ ಕೋಣೆ ಬ್ರಾಹ್ಮಣರಿಗೆ, ನಮಗೆ ಹೊರಗಿನ ಬೆಂಚು. ಮಾವ ಬೆಂಚಿನ ಮೇಲೆ ಕಾಲು ಮಡಿಚಿ ಕೂತು, ಒಳಗೆ ಇಣುಕಿ ಲೊಚಗುಟ್ಟುತ್ತಿದ್ದರು: "ಪಾಪ, ಅವರ್ಗೆ ಒಳಗೆ ಗಾಳೀನೇ ಬರಲ್ಲ ಕಣ್ಲಾ!"

ಮದ್ದೂರಿನ ವಡೆ ಸ್ಟೇಷನ್ನಿನದು. ರೈಲು ನಿಂತು ನೀರು ಕುಡಿಯುವಷ್ಟರಲ್ಲಿ ಬುಟ್ಟಿ ಹೊತ್ತು ಕಿಟಕಿಯಿಂದ ಕಿಟಕಿಗೆ ಓಡುವವನ ವಡೆ. ಈರುಳ್ಳಿ ಕಂದು ಬಣ್ಣಕ್ಕೆ ತಿರುಗಿ, ಅಂಚು ಮುರಿದರೆ ಪಕ್ಕದ ಡಬ್ಬಿಯವರಿಗೂ ಕೇಳಿಸಬೇಕು. ಮಳವಳ್ಳಿಯ ಕಾಫಿ ಬಸ್‌ಸ್ಟ್ಯಾಂಡಿನ ಮೂಲೆಯ ಹೋಟೆಲಿನದು. ಎಮ್ಮೆ ಹಾಲು, ಲೋಟಕ್ಕೆ ಅಂಟುವ ಕೆನೆ. ಅಲ್ಲಿಯೂ ಬೆಲ್ಲವೇ. ಆದರೆ ಆ ಬೆಲ್ಲಕ್ಕೆ ಬುದ್ಧಿ ಇದೆ ಎನ್ನುತ್ತಿದ್ದರು ಮಾವ!

"ಹಂಗಾದ್ರೆ ನಮ್ಮನೇಗೆ ಯಾವ ತಿಂಡಿ ಕೈಹತ್ತಿದೆ ಮಾವ? ಅತ್ತೇದು ಯಾವುದು?" ಎಂದು ಒಮ್ಮೆ ಕೆಣಕಿದೆ.

ಮಾವ ಸ್ವಲ್ಪ ದೂರ ನಡೆದರು. ಆಮೇಲೆ, "ಉಪ್ಸಾರು" ಎಂದರು. "ಇತ್ತು."

ಉಪ್ಪುಸಾರಿನಲ್ಲಿ ಏನಿದೆ ಹೇಳಿ! ಸೊಪ್ಪು ಕಾಳು ಬೇಯಿಸಿದ ಕಟ್ಟು, ಅದಕ್ಕೆ ಉಪ್ಪು; ಪಕ್ಕದಲ್ಲಿ ಒಂದು ಚಿಟಿಕೆ ಅರೆದ ಖಾರ. ಹುಳಿಯಿಲ್ಲ, ತೆಂಗಿಲ್ಲ, ತಪ್ಪು ಮಾಡಿದರೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಅತ್ತೆ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ನೆಕ್ಕಿ, ತಲೆಯಾಡಿಸಿದರೆ ಮುಗಿಯಿತು, ಆ ಉಪ್ಪು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಆದರೆ ಹಿಂದಿನ ವರ್ಷ ವಿಷಮಶೀತ ಜ್ವರ ಬಂದು, ಅವರ ತಲೆಗೂದಲನ್ನೂ ನಾಲಗೆಯ ರುಚಿಯನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿತ್ತು. ಕೂದಲು ಮೆಲ್ಲಗೆ ಚಿಗುರಿತು. ರುಚಿ ಬರಲಿಲ್ಲ. ಏನೇ ಕೊಟ್ಟರೂ ಅವರ ಬಾಯಿಂದ ಎರಡೇ ಮಾತು: "ಬಿಸಿ ಅದೆ." ಇಲ್ಲವೇ, "ತಣ್ಣಗದೆ." ಎರಡು ತುತ್ತು ನುಂಗಿ ಏಳುತ್ತಿದ್ದರು. ಬಳೆಗಳು ಕೈಯೆತ್ತಿದರೆ ಮೊಣಕೈವರೆಗೆ ಜಾರುತ್ತಿದ್ದವು. ಸಾರಿಗೆ ಒಮ್ಮೆ ಉಪ್ಪೇ ಇಲ್ಲ, ಒಮ್ಮೆ ಎರಡು ಸಲ. ಮಾವ ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ಅದೇನು ಕೊಡ್ತೀರೋ ಕೊಡಿ, ಊಟ ಮಾತ್ರ ಬಿಡಿಸಬೇಡಿ, ಇವರು ಹೀಗೇ ಇಳಿದರೆ ಉಳಿಯೋದು ಕಷ್ಟ" ಎಂದಿದ್ದರು ಮಂಡ್ಯದ ಡಾಕ್ಟರು. ಆಗ ಶುರುವಾದದ್ದು ಈ ಊರೂರು ತಿಂಡಿಯ ಹುಚ್ಚು. ಊರಿನವರೋ, "ಎಂಡ್ರು ಒಣಗೋಯ್ತಾವ್ಳೆ, ಗೌಡ ಓಟ್ಲು ಸುತ್ತುತಾವ್ನೆ" ಎಂದು ಜಗಲಿಗಳ ಮೇಲೆ ಆಡಿಕೊಂಡರು. ಮಾವನಿಗೆ ಕೇಳಿಸುತ್ತಿತ್ತು. ಅವರು ಕಿವಿ ಮಾತ್ರ ಕೆರೆದುಕೊಳ್ಳುತ್ತಿದ್ದರು.

ಅವರು ತಿಂದು ನೋಡುತ್ತಿದ್ದುದು ಅತ್ತೆಗಾಗಿ. ಮೆಚ್ಚಿದ್ದನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು. ಅತ್ತೆ ಬಾಯಿಗಿಟ್ಟು, "ತಣ್ಣಗದೆ" ಎನ್ನುತ್ತಿದ್ದರು.

ಬೇರೆ ಯಾರಾದರೂ ಇಲ್ಲಿಗೆ ಕೈಬಿಡುತ್ತಿದ್ದರು. ಮಾವ ಸಿದ್ಧಾಂತವನ್ನು ತಿದ್ದಿದರು! "ರುಚಿ ಇರೋದು ತಿಂಡೀಲಲ್ಲ ಕಣ್ಲಾ, ಜಾಗದಲ್ಲಿ. ಜಾಗಾನೂ ತರಬೇಕು."

ಜಾಗವನ್ನು ತರುವುದು ಹೇಗೆ? ಮಳವಳ್ಳಿಯಿಂದ ಹೋಟೆಲಿನ ಹಿತ್ತಾಳೆ ಲೋಟ ತಂದರು, ಹೋಟೆಲಿನ ಬಾವಿಯ ನೀರನ್ನು ಚೆಂಬಿನಲ್ಲಿ ತಂದರು. ಬೆಂಚನ್ನೂ ಕೇಳಿದರು, ಹೋಟೆಲಿನವರು ಕೈಮುಗಿದರು. ಮದ್ದೂರಿನದು ಇನ್ನೂ ಚೆಂದ. ವಡೆಯ ಜೊತೆಗೆ ಹಳಿಯ ಪಕ್ಕ ಬಿದ್ದಿದ್ದ ಎಂಜಿನ್ ಕಲ್ಲಿದ್ದಲನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು, ಅಡಿಗೆಮನೆಯ ಕೆಂಡದ ಮೇಲೆ ಸುರಿದು, ಊದುಗೊಳವೆ ಹಿಡಿದರು. ರೈಲಿನ ಹೊಗೆಯಿಲ್ಲದೆ ವಡೆ ವಡೆಯೇ ಅಲ್ಲವಂತೆ!

ಹೊಗೆ ಎಂದರೆ ಹೊಗೆ! ಹೆಂಚಿನ ಸಂದುಗಳಿಂದ ಕಪ್ಪಗೆ ಎದ್ದದ್ದನ್ನು ಕಂಡು ಬೀದಿಯವರೆಲ್ಲ ಕೊಡಪಾನ ಹಿಡಿದು ಓಡಿಬಂದರು. ಮಾವನ ತಾಯಿ, ನನ್ನ ಅಜ್ಜಿ, ಅಂಗಳದಲ್ಲಿ ನಿಂತು ಎದೆ ಬಡಿದುಕೊಂಡರು:

"ಅಯ್ಯೋ ನನ್ ಮನೆ ಸುಟ್ಟೋಯ್ತಲ್ಲಪ್ಪೋ!"

"ಸುಟ್ಟಿಲ್ಲ ಕಣವ್ವ, ಮದ್ದೂರು ಬಂದದೆ!" ಎಂದು ಮಾವ ಹೊಗೆಯ ಒಳಗಿಂದ ಕೂಗಿದರು.

ಅತ್ತೆ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಕೈಯಲ್ಲಿ ವಡೆ ಹಿಡಿದೇ ಹೊರಗೆ ಬಂದರು. ಮಾವ ಹಿಂದೆಯೇ ಬಂದು ಆಸೆಯಿಂದ ಅವರ ಮುಖವನ್ನೇ ನೋಡಿದರು. "ಬಿಸಿ ಅದೆ" ಎಂದರು ಅತ್ತೆ.

ಮಳವಳ್ಳಿಯ ಬಸ್ಸಿಗೆ ಆಗ ಪೆಟ್ರೋಲಿಲ್ಲ; ಹಿಂದೆ ಕಟ್ಟಿದ ಇದ್ದಿಲ ಒಲೆಯ ಗ್ಯಾಸಿನಲ್ಲೇ ಓಡುವುದು. ಆ ಒಲೆ ನೋಡಿಕೊಳ್ಳುತ್ತಿದ್ದವರು ಕಿರುಗಾವಲಿನ ಒಬ್ಬ ಸಾಬರು, ಬಸ್ಸಿನ ಮೆಕ್ಯಾನಿಕ್ಕು. ಮಾವನಿಗೂ ಅವರಿಗೂ ಒಳ್ಳೆಯ ಸಲಿಗೆ. ಅತ್ತೆಗೆಂದು ತಮ್ಮ ಮನೆಯಿಂದ ಕಾಲುಸೂಪನ್ನು ಡಬ್ಬಿಯಲ್ಲಿ ಕಳಿಸಿದ್ದರು. ಅಜ್ಜಿ ಅದನ್ನು ಅಡಿಗೆಮನೆಗೆ ಬಿಡಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಕುಡಿದು, ಡಬ್ಬಿಯನ್ನು ತಾವೇ ತೊಳೆದು ಕೊಟ್ಟರು. ಕಲ್ಲಿದ್ದಲ ಕಥೆ ಕೇಳಿ ಸಾಬರು ಒಲೆಗೆ ಇದ್ದಿಲು ತುಂಬುವುದನ್ನೇ ನಿಲ್ಲಿಸಿ ನಕ್ಕರು.

"ಗೌಡ್ರೇ, ಇಷ್ಟೆಲ್ಲ ಒತ್ಕೊಂಡ್ ಓಗೋ ಬದ್ಲು ಅಮ್ಮಾವ್ರನ್ನೇ ಕರ್ಕೊಂಡ್ ಓಗ್ಬಾರ್ದಾ? ಊರು ತರೋದಕ್ಕಿಂತ ಎಂಡ್ರು ಅಗುರ ಅಲ್ವರಾ!"

"ನಮ್ಮವ್ವ ಬುಟ್ಟಾಳಾ ಸಾಬ್ರೆ? ಎಂಗಸ್ರು ಓಟ್ಲಿಗೆ ಓಗೋದು ಉಂಟಾ?"

"ಸ್ಟೇಸನ್ನು ಓಟ್ಲಾ?"

ಮಾವ ಅಲ್ಲೇ ನಿಂತುಬಿಟ್ಟರು. ಬಸ್ಸು ಹೊರಟಿತು, ನಾವು ಹತ್ತಲಿಲ್ಲ.

ಮುಂದಿನ ವಾರ, ಮಂಡ್ಯದ ಡಾಕ್ಟರಿಗೆ ತೋರಿಸುವ ನೆಪ ಹೇಳಿ, ಅತ್ತೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಮದ್ದೂರಿಗೆ ಬಂದೆವು. ಅತ್ತೆ ಸೆರಗನ್ನು ಹಣೆಯವರೆಗೂ ಎಳೆದುಕೊಂಡಿದ್ದರು. ಆ ಮೋಟುಗೂದಲನ್ನು ಹೊತ್ತು ಜ್ವರದ ನಂತರ ಮೊದಲ ಸಲ ಊರು ದಾಟಿದ್ದರು. ಮಾವ ಮೂರು ಟಿಕೆಟ್ಟು ತೆಗೆದುಕೊಂಡು, "ಈಗ ನಾವು ಪ್ಯಾಸೆಂಜರು, ಯಾವ ನನ್ಮಗ ಏನಂದಾನು?" ಎಂದು ಎದೆಯುಬ್ಬಿಸಿದರು. ಅತ್ತೆಯನ್ನು ಪ್ಲಾಟ್‌ಫಾರಮ್ಮಿನ ತುದಿಯ ಬೆಂಚಿನ ಮೇಲೆ ಕೂರಿಸಿದರು. ಬೇವಿನ ಮರದ ನೆರಳಿತ್ತು. ಅಥವಾ ಇರಲಿಲ್ಲವೋ, ಆ ಮರವನ್ನು ನಾನೇ ಆಮೇಲೆ ನೆಟ್ಟಿರಬಹುದು. ನೆನಪೂ ಹೋಟೆಲಿನವನ ಹಾಗೆಯೇ, ನಿನ್ನೆಯ ಚಟ್ನಿಗೆ ಇವತ್ತು ಒಗ್ಗರಣೆ ಹಾಕಿ ಬಡಿಸುತ್ತದೆ. ರೈಲು ಬಂದದ್ದು ಮಾತ್ರ ನಿಜ. ಹೊಗೆ ಬಂದದ್ದು ನಿಜ, ಈ ಸಲ ಅಸಲಿ ಹೊಗೆ!

ಮಾವ ಓಡಿಹೋಗಿ ಬಿಸಿ ವಡೆ ತಂದು ಅತ್ತೆಯ ಕೈಗಿಟ್ಟರು. ತಾವು ಕೂರಲಿಲ್ಲ. ಎದುರಿಗೆ ನಿಂತು, ಟವೆಲನ್ನು ಎರಡು ಕೈಯಲ್ಲೂ ಹಿಂಡುತ್ತಿದ್ದರು. ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ ನಾನು ನಿಂತದ್ದೂ ಹಾಗೆಯೇ.

ಅತ್ತೆ ಅಂಚು ಮುರಿದರು. ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ತಲೆಯೆತ್ತಿ ಮಾವನ ಮುಖ ನೋಡಿದರು, ತುಂಬ ಹೊತ್ತು. ರೈಲು ಸೀಟಿ ಹಾಕಿತು. ನಮ್ಮ ಟಿಕೆಟ್ಟಿನ ರೈಲು ಹೊರಟೇಹೋಯಿತು. ಯಾರೂ ಅದರ ಕಡೆ ನೋಡಲಿಲ್ಲ.

"ಉಪ್ಪು ಜಾಸ್ತಿ ಆಗದೆ" ಎಂದರು ಅತ್ತೆ.

ಮಾವ ಒಂದು ಹೆಜ್ಜೆ ಹತ್ತಿರ ಬಂದರು. "ಏನಂದೆ ಅಮ್ಮಿ? ಇನ್ನೊಂದ್ಸಲ ಏಳು."

"ಉಪ್ಪು ಕಣಿ. ಒಸಿ ಜಾಸ್ತಿ."

ಯುದ್ಧ ಮುಗಿದ ಸುದ್ದಿ ಬಂದ ದಿನವೂ ನಾನು ಅಂಥ ಮುಖವನ್ನು ಕಾಣಲಿಲ್ಲ. ತಮ್ಮ ಮದ್ದೂರು ವಡೆಯ ಮೇಲೆ ಒಂದು ಮಾತು ಬಂದರೆ ಮೂರು ತಾಲ್ಲೂಕಿನಲ್ಲಿ ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲುತ್ತಿದ್ದ ಮನುಷ್ಯ, ಅತ್ತೆ ಮುರಿದುಕೊಟ್ಟ ಅರ್ಧ ವಡೆಯನ್ನು ಹಿಡಿದು ವಡೆಯವನ ಬಳಿಗೆ ಧಾವಿಸಿದರು. ನಾನು ಹಿಂದೆ ಓಡಿದೆ.

"ಏನಯ್ಯಾ ಇದು! ಉಪ್ಪು ಜಾಸ್ತಿ ಆಕಿದ್ದೀಯಂತೆ! ನಮ್ಮೋಳು ಏಳ್ತಾವ್ಳೆ!" ಬೈಯುತ್ತಿದ್ದರು, ಕಣ್ಣು ತುಂಬಿತ್ತು.

ವಡೆಯವನು ಬುಟ್ಟಿ ಕೆಳಗಿಟ್ಟು ಕಕ್ಕಾಬಿಕ್ಕಿಯಾದ. "ಬುದ್ಧೀ, ತಪ್ಪಾಯ್ತು, ಆದ್ರೆ ಜಾಸ್ತಿ ಅಲ್ಲ. ಈ ಸಲ ಕಲಸಿದ್ ಇಟ್ಟಿಗೆ ಉಪ್ಪಾಕೋದೇ ಮರ್ತೋಗದೆ. ರೈಲಲ್ಲಿದ್ದೋರೆಲ್ಲ ಉಗುದ್ ಓದ್ರು."

ಮಾವ ಕೈಯಲ್ಲಿದ್ದ ಅರ್ಧವನ್ನು ಬಾಯಿಗೆ ಹಾಕಿಕೊಂಡರು. ಅಗಿದರು. ನನಗೂ ಒಂದು ಚೂರು ಕೊಟ್ಟರು. ಒಂದು ಹರಳು ಉಪ್ಪೂ ಇರಲಿಲ್ಲ. ಸಪ್ಪೆ ಎಂದರೆ ಸಪ್ಪೆ!

ಮಾವ ತಿರುಗಿ ನೋಡಿದರು. ದೂರದ ಬೆಂಚಿನ ಮೇಲೆ ಅತ್ತೆ ಉಳಿದ ವಡೆಯನ್ನು ಚೂರು ಚೂರಾಗಿ, ಕಷ್ಟಪಟ್ಟು, ಬಿಡದೆ ತಿನ್ನುತ್ತಿದ್ದರು. ಮಾವ ನುಂಗಿದರು. ಆಮೇಲೆ ವಡೆಯವನಿಗೆ ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದರು:

"ಅವಳು ಜಾಸ್ತಿ ಅಂದ್ರೆ ಜಾಸ್ತಿ ಕಣಪ್ಪ."

ಬೆಂಚಿನ ಹತ್ತಿರ ಬಂದು, "ಬೈದೆ ಕಣಮ್ಮಿ, ಒಪ್ಕೊಂಡ" ಎಂದರು.

ಅಂದಿನಿಂದ ಅತ್ತೆ ತಟ್ಟೆ ಖಾಲಿ ಮಾಡತೊಡಗಿದರು. ರುಚಿ ಬಂತೆಂದು ಹೇಳಿಬಿಟ್ಟ ಮೇಲೆ ತಿನ್ನದೆ ವಿಧಿಯಿಲ್ಲವಲ್ಲ! ಬಳೆಗಳು ಮಣಿಕಟ್ಟಿನಲ್ಲಿ ನಿಂತವು. ಮಾವ ಹೋಟೆಲಿನ ಯಾತ್ರೆ ಬಿಡಲಿಲ್ಲ. ಆದರೆ ಟವೆಲಿನಲ್ಲಿ ಊರುಗಳನ್ನು ಕಟ್ಟಿ ತರುವುದು ನಿಂತಿತು.

ನಾನು ಪಾಸಾಗಿ, ಕೆಲಸ ಹಿಡಿದು, ಯುದ್ಧ ಮುಗಿದ ಮೇಲೆ ಒಮ್ಮೆ ಕೊಪ್ಪಕ್ಕೆ ಹೋಗಿದ್ದೆ. ಮಾವ ಇರಲಿಲ್ಲ, ಇನ್ನೆಲ್ಲಿ, ಇಡ್ಲಿಗೆ ಹೋಗಿದ್ದರು! ಅತ್ತೆ ಅವರೆಕಾಳು ಸುಲಿಯುತ್ತಿದ್ದರು. ಜಡೆ ಬೆನ್ನಿಗೆ ಬಂದಿತ್ತು. ಮಾತಿನ ನಡುವೆ ತಾವಾಗಿ ಹೇಳಿದರು:

"ಅವತ್ತು ಸ್ಟೇಸನ್ನಲ್ಲಿ ನಂಗೇನೂ ಗೊತ್ತಾಗ್ನಿಲ್ಲ ಕಣಪ್ಪ. ಅವ್ರ ಮಕ ನೋಡಕಾಗ್ದೆ ಏನೋ ಒಂದ್ ಅಂದೆ. ಚೆನ್ನಾಗದೆ ಅಂದಿದ್ರೆ ನಂಬ್ತಿರ್ನಿಲ್ಲ, ಅದಕ್ಕೆ ಉಪ್ಪು ಜಾಸ್ತಿ ಅಂದೆ."

"ಮತ್ತೆ ರುಚಿ ಬಂದದ್ದು ಯಾವಾಗ ಅತ್ತೆ?"

"ಅದೇ ತಮಾಸೆ! ಅದಾಗಿ ಏಸೋ ದಿನ ಕಳುದ್ ಮೇಲೆ, ಇಲ್ಲೇ, ಈ ಒಲೆ ಮುಂದೆ. ಉಪ್ಸಾರು ಒಂದನಿ ಅಂಗೈಗ್ ಬುಟ್ಕೊಂಡು ನೆಕ್ತೀನಿ, ಉಪ್ಪು! ನಿಜವಾಗ್ಲೂ ಉಪ್ಪು! ಎದ್ ಓಡೋಗಿ ಏಳಾಣ ಅಂದ್ರೆ ಯಾರ್ಗೆ ಏಳ್ಲಿ? ಬಂದದೆ ಅಂತ ನಾನೇ ಮೊದ್ಲೇ ಏಳ್ಬುಟ್ಟಿದ್ನಲ್ಲ! ಒಬ್ಳೇ ಕುಂತ್ಕಂಡ್ ಅತ್ಬುಟ್ಟೆ ಕಣಪ್ಪ."

ಅವರು ಸುಲಿದ ಕಾಳನ್ನು ಮೊರದಲ್ಲಿ ಸುಮ್ಮನೆ ಆಡಿಸಿದರು.

"ಅವತ್ತು ಅವರು ಉಣ್ಣಕ್ ಕುಂತ್ರು. ಒಂದ್ ತುತ್ತು ಅದ್ಕೊಂಡು ಬಾಯ್ಗಿಟ್ಟೋರು ಅಂಗೇ ತಡುದ್ರು. ನನ್ನ ನೋಡುದ್ರು. ಏನೂ ಅನ್ನಿಲ್ಲ. ಸಾರು ಆಕಿಸ್ಕಂಡ್ರು, ಆಕಿಸ್ಕಂಡ್ರು, ಮಡಕೆ ತಳ ಕಾಣೋಗಂಟ. ಯಾಕೆ ಅಂತ ನಾನೂ ಕೇಳ್ನಿಲ್ಲ." ಮೊರವನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು. "ನೀನೂ ತಿಂದ್ಯಲ್ಲ ಅವತ್ತು ಸ್ಟೇಸನ್ನಲ್ಲಿ. ನಿಜ ಏಳು, ಆ ವಡೇಲಿ ಉಪ್ಪಿತ್ತಾ?"

ಹೊರಗೆ ಮಾವನ ಕೆಮ್ಮು ಕೇಳಿಸಿತು. ಜಗಲಿಯ ಮೇಲೆ ಕೂತು ಚಪ್ಪಲಿ ಬಿಡುತ್ತಿದ್ದರು.

"ಇತ್ತು ಅತ್ತೆ," ಎಂದೆ. "ಒಸಿ ಜಾಸ್ತೀನೇ ಇತ್ತು."

ಅತ್ತೆ ನನ್ನ ಮುಖವನ್ನೇ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ನಿಮ್ಮಾವನೂ ಇಂಗೇ ಕಣಪ್ಪ. ಕೇಳ್ದಾಗ್ಲೆಲ್ಲ ಇದೇ ಮಕ ಮಾಡ್ಕಂಡು, ಇದೇ ಮಾತು ಅಂತಾರೆ" ಎಂದು, ಸಾರಿಗೆ ಉಪ್ಪು ನೋಡಲು ಎದ್ದುಹೋದರು.