ಕೊಡದ ಕೆಳಗಿನ ಜರ್ಮನ್ ಬಳೆ

ಊಟವಾದ ಮೇಲೆ ಬಂದರಿನಲ್ಲಿ ಕೂತವನಿಗೆ ಎಚ್ಚರವೂ ಒಂದು ಬಗೆಯ ನಿದ್ದೆಯೇ. ಧಕ್ಕೆಯಲ್ಲಿ ಕಟ್ಟಿದ ಸರಕಿನ ಹಾಯಿಹಡಗುಗಳು, ನಮ್ಮ ಮಂಜಿಗಳು, ತೂಕಡಿಸುತ್ತವೆ. ಒಣಮೀನಿನ ವಾಸನೆ ಹೊತ್ತ ಗಾಳಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ. ಆ ಹೊತ್ತಿಗೆ ನಾನು ಸುಂಕದ ದರಗಳ ದಪ್ಪ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕನಸು ಕಾಣುತ್ತೇನೆ. ಹಡಗಿನಿಂದ ಇಳಿಯುವ ಸಕಲ ವಸ್ತುಗಳಿಗೂ ಅದರಲ್ಲಿ ಒಂದೊಂದು ಮನೆ ಉಂಟು. ಆನೆಯ ದಂತಕ್ಕೆ, ಅತ್ತರಿಗೆ, ಅಂಗಿಯ ಗುಂಡಿಗೆ, ಗೊಬ್ಬರಕ್ಕೆ ಕೂಡ. ನನ್ನಂಥವನನ್ನು ಯಾವ ಮನೆಯಲ್ಲಿ ಕೂರಿಸಿಯಾರು ಎಂದು ಹುಡುಕುತ್ತ ಹುಡುಕುತ್ತ ಕಣ್ಣು ಮುಚ್ಚಿಹೋಗುತ್ತದೆ.

ನಾನು ಹಾಜ್ಯಾರ್ರ ಆಫೀಸಿನ ಗುಮಾಸ್ತ. ಊರವರ ಸಾಮಾನನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವುದು ನಮ್ಮ ಕಸುಬು. ಅದಕ್ಕಿಂತ ಚೆನ್ನಾಗಿ ನಾನು ಮಾಡುವುದು ಅಣಕ. ಫೋನಿನಲ್ಲಿ ಮದರಾಸು ಸಿಕ್ಕಿದರೆ ಹಾಜ್ಯಾರ್ರು ಎದ್ದು ನಿಂತು, ಮದರಾಸಿಗೆ ನೇರವಾಗಿಯೇ ಕೇಳಿಸುವ ಹಾಗೆ ಕೂಗುತ್ತಾರಲ್ಲ, ಅದನ್ನು ಅವರೆದುರೇ ಮಾಡಿ ತೋರಿಸುತ್ತೇನೆ. ಎಲ್ಲರ ದನಿಯನ್ನೂ ಸಾಲ ತಂದು ತಂದು ನನ್ನದೇ ಎಲ್ಲಿಟ್ಟೆನೋ ಮರೆತುಹೋಗಿದೆ, ಮನೆಯಲ್ಲಿ ಅಮ್ಮ ಕರೆದಾಗ ಓಗೊಟ್ಟರೆ, "ಯಾರು ಬಂದದ್ದು?" ಎಂದು ಕೇಳುತ್ತಾಳೆ. ನನ್ನ ಅತ್ಯುತ್ತಮ ಪಾತ್ರವೆಂದರೆ ಕಸ್ಟಮ್ಸಿನ ಅಪ್ರೈಸರು. ಯಾವ ಸಾಮಾನಿಗೆ ಯಾವ ಸುಂಕ ಎಂದು ತೀರ್ಮಾನಿಸುವ ಮಹಾಶಯರು. ಕಣ್ಣು ಅರ್ಧ ಮುಚ್ಚಿ, ಒಂದೊಂದು ಮಾತನ್ನೂ ತಕ್ಕಡಿಯಿಂದ ಇಳಿಸಿದ ಹಾಗೆ ಕೇಳುತ್ತಾರೆ: "ಇದು... ಬೇರೆ... ಯಾವ ಉಪಯೋಗಕ್ಕೆ... ಬರುತ್ತದೆ?"

ಹೋದ ಬೇಸಿಗೆಯಲ್ಲಿ ಆ ಪ್ರಶ್ನೆಯ ಮೇಲೆ ಒಂದು ಹೆಂಚಿನ ಕಾರ್ಖಾನೆಯೇ ನಿಂತಿತ್ತು. ಕಾರ್ಖಾನೆಯ ಧಣಿ ವಿಠಲ ಶೆಟ್ರು ಮಣ್ಣು ಕಲಸುವ ಯಂತ್ರಕ್ಕಾಗಿ ಜರ್ಮನಿಯಿಂದ ರಬ್ಬರಿನ ಬಳೆಗಳನ್ನು ತರಿಸಿದ್ದರು. ಯಂತ್ರ ನಿಂತಿದೆ, ಹೆಂಗಸರು ಕೆಲಸವಿಲ್ಲದೆ ಗೇಟಿನ ಹತ್ತಿರ ಕೂತಿದ್ದಾರೆ, ಮಳೆಗೆ ಮುಂಚೆ ಮಾಡು ಹೊದೆಸಬೇಕಾದ ಅರ್ಧ ಊರು ಹೆಂಚಿಗೆ ಕಾದಿದೆ. ಕಾನೂನು ಹೇಳುವುದು ಇಷ್ಟೇ: ಆ ಯಂತ್ರಕ್ಕೆಂದೇ ವಿಶೇಷ ಆಕಾರ ಕೊಟ್ಟಿದ್ದರೆ, ಆ ಆಕಾರ ಬೇರೆ ಯಾವ ಕೆಲಸಕ್ಕೂ ಬಾರದ್ದಾದರೆ, ಅದು ಯಂತ್ರದ ಭಾಗ, ಸುಂಕದಲ್ಲಿ ರಿಯಾಯಿತಿ. ಇಲ್ಲವಾದರೆ ಬರೀ ರಬ್ಬರ್ ಸಾಮಾನು. "ರಬ್ಬರ್ ಸಾಮಾನು ಅಂತಾದರೆ ಬಿಡಿಸಿಕೊಳ್ಳುವ ತಾಕತ್ತು ನನಗಿಲ್ಲ ಹಾಜ್ಯಾರ್ರೇ, ಕಸ್ಟಮ್ಸಿನಲ್ಲೇ ಕೊಳೆಯಲಿ" ಎಂದು ಶೆಟ್ರು ಹೇಳಿ, ತೋರಿಸಲಿಕ್ಕಿರಲಿ ಎಂದು ಯಂತ್ರದಿಂದ ಬಿಚ್ಚಿದ ಹಳೆ ಬಳೆಯೊಂದನ್ನು ನಮ್ಮಲ್ಲಿ ಬಿಟ್ಟುಹೋದರು. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಯಂತ್ರದೊಳಗೆ ತಿರುಗುವ ದಂಡದ ಓರೆಗೆ ಸರಿಯಾಗಿ ಎರಕ ಹೊಯ್ದದ್ದು.

ಮರುದಿನ ಉರಿಬಿಸಿಲಿನಲ್ಲಿ ಅಪ್ರೈಸರು ಪಕ್ಕದ ಗೋದಾಮು ನೋಡಿ ಹೊರಟಿದ್ದರು. ಅವರನ್ನು ರಸ್ತೆಯಲ್ಲೇ ಮಾತಾಡಿಸಿ ಕಳಿಸೋಣವೆಂದೆ. "ಎಂತ ಮಾರಾಯ, ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸ್ಲಿಕ್ಕುಂಟಾ? ಬನ್ನಿ ಸಾರ್, ಬನ್ನಿ" ಎಂದು ಹಾಜ್ಯಾರ್ರು ಕರೆದು ಕೂರಿಸಿಯೇಬಿಟ್ಟರು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡ ಅಪ್ರೈಸರು ನೀರಿಗಾಗಿ ಮೂಲೆಯತ್ತ ತಿರುಗಿದರು. ನಾನೂ ತಿರುಗಿದೆ. ತಣ್ಣಗೆ ಬೆವರುತ್ತಿದ್ದ ಮಣ್ಣಿನ ಕೊಡ ಕೂತಿದ್ದದ್ದು ಜರ್ಮನ್ ಬಳೆಯ ಮೇಲೆ! ಬೆಳಿಗ್ಗೆ ಕೊಡದ ಅಡಿಗಿಡುವ ಸಿಂಬೆ ಹರಿದುಹೋಯಿತೆಂದು ಹಾಜ್ಯಾರ್ರೇ ಅದನ್ನು ಇಟ್ಟು, "ಎಷ್ಟು ಲಾಯಕ್ ಕೂತಿತು ನೋಡು" ಎಂದು ಹೇಳಿದ್ದರಂತೆ. ನಾನಾಗ ಕನಸಿನಲ್ಲಿದ್ದೆ.

ಅಪ್ರೈಸರು ಬೆಲ್ಲ ಚೀಪುವುದನ್ನು ನಿಲ್ಲಿಸಿದರು. ಹತ್ತಿರ ಹೋಗಿ ಬಗ್ಗಿದರು. "ಬೇರೆ... ಉಪಯೋಗ..." ಎಂದು ಶುರುಮಾಡಿ, ಕೊಡ ಭದ್ರವಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಬಾಯಿಯ ಅಂಚನ್ನು ಬೆರಳಿನಿಂದ ತಮ್ಮ ಕಡೆಗೆ ಮೆಲ್ಲಗೆ ಎಳೆದರು. ತೆಳು ಬದಿ ತನ್ನ ಗುಣ ತೋರಿಸಿತು. ಕೊಡ ಬಹಳ ಸಾವಕಾಶವಾಗಿ ವಾಲಿ, ಅವರ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಮೇಲೆ ಬರಿದಾಗಿ, ನೆಲಕ್ಕೆ ಬಿದ್ದು ಒಡೆಯಿತು. ಅಷ್ಟರಲ್ಲಿ ನನ್ನ ಬಾಯಿಂದ, ನನ್ನನ್ನು ಕೇಳದೆಯೇ, ಅವರದೇ ದನಿ ಹೊರಟಿತು: "ಬೇರೆ... ಯಾವ ಉಪಯೋಗಕ್ಕೂ... ಬಾರದು."

ಅಪ್ರೈಸರು ತಲೆಯೆತ್ತಿದರು. ಅದು ಯಾರು ಹೇಳಿದ್ದು, ತಾನೇ ಹೇಳಿದೆನೋ ಎಂಬ ಅನುಮಾನ ಅವರ ಮುಖದಲ್ಲಿ ಒಂದು ಗಳಿಗೆ ಸುಳಿದಾಡಿತು. ಆಮೇಲೆ ಪ್ಯಾಂಟು ನೋಡಿಕೊಂಡು, "ಬಾರದು" ಎಂದು ಖಡಾಖಂಡಿತವಾಗಿ ಹೇಳಿ ಹೊರಟುಹೋದರು. ಶೆಟ್ರ ಬಳೆಗಳು ರಿಯಾಯಿತಿಯಲ್ಲಿ ಬಿಡುಗಡೆಯಾದವು, ಯಂತ್ರ ತಿರುಗಿತು, ಹೆಂಗಸರು ಗೇಟಿನಿಂದ ಎದ್ದು ಒಳಗೆ ಹೋದರು.

ನಾನು ಆ ಇಡೀ ನಾಟಕವನ್ನು ಕೊಡದ ಪಾತ್ರದ ಸಮೇತ ಅಭಿನಯಿಸಿ ತೋರಿಸಿದಾಗ ಹಾಜ್ಯಾರ್ರು ಕಣ್ಣೊರೆಸಿಕೊಂಡು ನಕ್ಕರು. "ನೀನೂ ಬೇರೆ ಯಾವ ಉಪಯೋಗಕ್ಕೂ ಬಾರದವನೇ ಮಾರಾಯ. ಆದರೆ ಆ ಬಳೆಗೆ ಒಂದು ಯಂತ್ರ ಉಂಟು."

ಅವರು ತಮಾಷೆಗೆ ಹೇಳಿದರು, ನನಗೆ ಪುಸ್ತಕದಲ್ಲಿ ಮನೆ ಸಿಕ್ಕಿತು. ವಿಶೇಷ ಆಕಾರ, ಇತರ ಉಪಯೋಗ ಇಲ್ಲ. ಎಲ್ಲೋ ದೂರದಲ್ಲಿ ಒಂದು ದೊಡ್ಡ ಯಂತ್ರ ನಾನಿಲ್ಲದೆ ನಿಂತಿರಬೇಕು, ಗೇಟಿನಲ್ಲಿ ಜನ ನನ್ನ ದಾರಿ ನೋಡುತ್ತಿರಬೇಕು ಎಂದು ಮಂಜಿಗಳ ಜೊತೆ ನಾನೂ ತೂಗುತ್ತ ಕನಸು ಕಂಡೆ. ಅಷ್ಟರಲ್ಲಿ ಹಾಜ್ಯಾರ್ರು ಹೊಸ ಕೊಡ ತಂದು ನನ್ನ ಮಡಿಲಿಗಿಟ್ಟರು. "ಸಿಂಬೆ ಬರುವವರೆಗೆ ಸ್ವಲ್ಪ ಹಿಡ್ಕೊ." ಸಿಂಬೆ ಇನ್ನೂ ಬಂದಿಲ್ಲ. ಕೊಡ ನನ್ನ ಮಡಿಲಲ್ಲಿ ಒಂದಿಷ್ಟೂ ಅಲುಗದೆ ಲಾಯಕ್ಕಾಗಿ ಕೂತಿದೆ. ಬೇರೆ ಉಪಯೋಗ ಸಿಕ್ಕಿತಲ್ಲ, ಇನ್ನು ನನಗೆ ರಿಯಾಯಿತಿ ಕೇಳುವ ಹಾಗಿಲ್ಲ.