ಪ್ಲಗ್ ಕೀಳುವ ಕಾಕಾ

ನಮ್ಮ ಕಾಕಾ ಯಾರ ಮನೆಗೆ ಹೋದರೂ ಅಲ್ಲಿ ಕರೆಂಟು ಹೋಗುತ್ತದೆ! ಇದನ್ನು ಅಪಶಕುನವೆಂದು ತಿಳಿದು ಶಾಂತಿ ಮಾಡಿಸಿದವರೂ ಇದ್ದಾರೆ. ಶಾಂತಿಗೆ ಬಗ್ಗುವ ಗ್ರಹಚಾರವೇ ಇದು? ಕರೆಂಟು ತಾನಾಗಿ ಹೋಗುವುದಿಲ್ಲ, ಕಾಕಾ ಎದ್ದು ಹೋಗಿ ಮೇನ್ ಸ್ವಿಚ್ ತೆಗೆದು ಬರುತ್ತಾರೆ. ಇನ್ವರ್ಟರ್ ಸರಿಯಾಗಿ ಏಳುತ್ತದೋ ಇಲ್ಲವೋ ನೋಡಬೇಕಲ್ಲ! ಎದ್ದರೆ ಖುಷಿಯಿಂದ ಚಹಾ ಕುಡಿಯುತ್ತಾರೆ. ಏಳದಿದ್ದರೆ ಇನ್ನೂ ಖುಷಿ.

ಅವರ ಸಿದ್ಧಾಂತ ಇಷ್ಟೇ. ಪ್ರತಿಯೊಂದಕ್ಕೂ ಎರಡನೆಯದು ಇರಬೇಕು, ಮೊದಲನೆಯದನ್ನು ಕಿತ್ತುಹಾಕಿ ಆ ಎರಡನೆಯದನ್ನು ಪರೀಕ್ಷೆ ಮಾಡಿರಬೇಕು. ಇದಕ್ಕಾಗಿಯೇ ಶನಿವಾರಕ್ಕೊಮ್ಮೆ ಎರಡನೇ ಕನ್ನಡಕ ಹಾಕುತ್ತಾರೆ. ಅದರ ನಂಬರು ಯಾವ ಕಾಲದ್ದೋ! ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸರಿಗೆಲ್ಲ "ಆರಾಮ ಇದ್ದೀರೇನ್ರಿ ವೈನಿ?" ಎಂದು ಕೈಮುಗಿಯುತ್ತಾರೆ. ಸ್ವಂತ ವೈನಿ, ಅಂದರೆ ನಮ್ಮ ಅವ್ವ, ಎದುರಿಗೆ ಬಂದರೆ ಸುಮ್ಮನೆ ದಾಟಿ ಹೋಗುತ್ತಾರೆ. ತಂಗಡಗಿಗೆ ಹೊರಟರೆ ಒಳ್ಳೆಯ ಗಾಲಿ ಬಿಚ್ಚಿ ಡಿಕ್ಕಿಗೆ ಹಾಕಿ, ಸ್ಟೆಪ್ನಿಯ ಮೇಲೆ ಕಾರು ಓಡಿಸುತ್ತಾರೆ.

ಗೊಳಸಂಗಿಯ ಮದುವೆಯಂತೂ ಕೇಳಲೇಬೇಡಿ. ಭಟ್ಟರು ಮೈಕಿನಲ್ಲಿ ಮಂಗಳಾಷ್ಟಕ ಹೇಳುತ್ತಿರುವಾಗ ಇವರು ಹೋಗಿ ಕರೆಂಟು ತೆಗೆದರು. ಜನರೇಟರ್ ಏಳಲಿಲ್ಲ. ಹೆಣ್ಣಿನ ಅಪ್ಪ ಕೆಂಡವಾದರು. ಕಾಕಾ ಶಾಂತವಾಗಿ, "ಈಗ ಗೊತ್ತಾದದ್ದು ಛಲೋ ಆತಲ್ರಿ? ಸಂಜಿಕ ಊಟದ ಪಂಕ್ತಿಯೊಳಗ ಹಿಂಗಾಗಿದ್ರ?" ಎಂದರು. ಆ ಮನೆಯಿಂದ ಇವತ್ತಿಗೂ ನಮಗೆ ಕರೆಯೋಲೆ ಬರುವುದಿಲ್ಲ.

ಇಂಥವರ ಕೈಯಲ್ಲಿ ನಮ್ಮ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಇದ್ದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹೀಗೆ ನಾಲ್ಕು ಊರಲ್ಲಿ ಶಾಖೆಯಿರುವ ಆಸ್ಪತ್ರೆ ಅದು. ನಾನು ಕಾಕಾನ ಅಣ್ಣನ ಮಗಳು, ಅವರ ಕೈಕೆಳಗೇ ನೌಕರಿ. ಯಾವ ಊರಲ್ಲಿ ಕಂಪ್ಯೂಟರು ನಿಂತರೂ ಅಲ್ಲಿಗೆ ಕಾಕಾ ಓಡಬೇಕಾಗಿತ್ತು. ಸಿಂದಗಿಯ ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕೂಗೆ ಪುಪ್ಪುಸದ ಕಾಯಿಲೆ, ಹಗಲೂ ರಾತ್ರಿ ಆಕ್ಸಿಜನ್ ಮಷೀನಿನ ಪಕ್ಕದಲ್ಲೇ ಇರಬೇಕು. ಪಕ್ಕದ ಮನೆಯವರಿಗೆ "ಸ್ವಲ್ಪ ನೋಡ್ಕೋರಿ" ಎಂದು ಹೇಳಿ ಇಂಡಿಗೆ ಹೋದ ಮನುಷ್ಯ, ಅಲ್ಲಿ ಕುಳಿತು ಎಷ್ಟು ಸಲ ಮನೆಗೆ ಫೋನು ಮಾಡುತ್ತಿದ್ದರೆಂದು ನನಗೆ ಗೊತ್ತು.

ಅದಕ್ಕೇ ಅವರ ತಲೆಗೆ ಹೊಳೆದದ್ದು, ಆಸ್ಪತ್ರೆಗೆ ನಮ್ಮದೇ ಕ್ಲೌಡ್. ನಾಲ್ಕೂ ಊರಿನ ಸ್ಕ್ಯಾನುಗಳು, ಎಕ್ಸ್-ರೇಗಳು ಸಿಂದಗಿಯ ದೊಡ್ಡ ಸರ್ವರಿನಲ್ಲಿ ಕೂರುತ್ತವೆ. ಅವುಗಳ ತದ್ರೂಪು ಬಾಗೇವಾಡಿಯಲ್ಲಿ. ಸಿಂದಗಿ ಬಿದ್ದರೆ ಬಾಗೇವಾಡಿ ತಾನಾಗಿಯೇ ಕೆಲಸ ಎತ್ತಿಕೊಳ್ಳುತ್ತದೆ, ಕಾಕಾ ಓಡಬೇಕಾಗಿಲ್ಲ. ಆಸ್ಪತ್ರೆಯ ಅಧ್ಯಕ್ಷರಿಗೆ ಇದು ತಿಳಿಯಲಿಲ್ಲ. "ಬಿಸಿ ರೊಟ್ಟಿ ತೀರಿದ್ರ ಬುಟ್ಟ್ಯಾಗ ಖಡಕ್ ರೊಟ್ಟಿ ಇರ್ತಾವಲ್ರಿ? ಹಂಗ," ಎಂದರು ಕಾಕಾ. ಅಧ್ಯಕ್ಷರಿಗೆ ತಕ್ಷಣ ತಿಳಿಯಿತು! ಆದರೆ ಷರತ್ತು ಹಾಕಿದರು. "ಡಾಕ್ಟರ್ ಮಂದಿ ಮುಂದ ನಡಿಸಿ ತೋರಸ್ರಿ. ನಿಂತ್ರ ಹೊರಗಿನ ಕಂಪನಿಗೆ ಕೊಡ್ತೇವಿ, ನೀವೂ ಮನಿಗೆ ಹೋಗ್ರಿ."

ಪಗಾರವಿಲ್ಲದೆ ಮನೆಯಲ್ಲಿ ಕುಳಿತರೆ ಕಾಕೂನ ಔಷಧಕ್ಕೆ ಏನು ಮಾಡುವುದು? ನನಗೆ ನಿದ್ದೆ ಹಾರಿಹೋಯಿತು. ಕಾಕಾ ಮಾತ್ರ ವೈರು ಕೀಳುತ್ತ ತಿರುಗಿದರು. ಕಿತ್ತಾಗಲೆಲ್ಲ ಹೊಸದೊಂದು ತಪ್ಪು ಹೊರಬೀಳುತ್ತಿತ್ತು. ಇಂಡಿಯ ವಾಚ್‌ಮನ್ ಮೊಬೈಲ್ ಚಾರ್ಜ್ ಮಾಡಲು ನಮ್ಮ ಕಂಪ್ಯೂಟರ್ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತುಹಾಕಿದ. ನಾನು ಜಗಳಕ್ಕೆ ನಿಂತರೆ ಕಾಕಾ, "ಬೈಬ್ಯಾಡ, ಅಂವಾ ಪುಕ್ಕಟೆ ಪರೀಕ್ಷೆ ಮಾಡ್ಯಾನ!" ಎಂದು ಅವನಿಗೆ ಚಹಾ ಕುಡಿಸಿದರು.

ಆ ದಿನ ಬಂತು. ಸಿಂದಗಿ ಆಸ್ಪತ್ರೆಯ ಹಾಲ್‌ನಲ್ಲಿ ಅಧ್ಯಕ್ಷರು, ಡಾಕ್ಟರುಗಳು ಸಾಲಾಗಿ ಕುಳಿತಿದ್ದಾರೆ. ಅದೇ ಹೊತ್ತಿಗೆ ಮುದ್ದೇಬಿಹಾಳದಿಂದ ನಿಜವಾದ ಕೇಸೇ ಬಂತು. ಬೈಕಿನಿಂದ ಬಿದ್ದ ಹೆಂಗಸಿನ ತಲೆಯ ಸ್ಕ್ಯಾನು. ನಮ್ಮ ದೊಡ್ಡ ಡಾಕ್ಟರು ನೋಡಿ ಹೇಳಬೇಕು. ಪರದೆಯ ಮೇಲೆ ಚಿತ್ರ ಅರ್ಧ ಮೂಡಿತು, ನಿಂತಿತು. ಬರೀ ಚಕ್ರ ತಿರುಗತೊಡಗಿತು.

"ಏನಾತ್ರಿ ಬಾಯಾರ? ನಿಮ್ಮ ಕಾಕಾ ಎಲ್ಲಿ?" ಎಂದರು ಅಧ್ಯಕ್ಷರು ನನ್ನ ಕಡೆ ತಿರುಗಿ.

ನಾನು ಸರ್ವರ್ ಕೋಣೆಗೆ ಓಡಿದೆ. ಮುಖ್ಯ ಪ್ಲಗ್ ಕಿತ್ತು ನೇತಾಡುತ್ತಿತ್ತು. ಕಾಕಾ ಇಲ್ಲ, ಬಾಗಿಲಲ್ಲಿ ಅವರ ಚಪ್ಪಲಿಯೂ ಇಲ್ಲ! ಫೋನು ಹಚ್ಚಿದೆ, ಸ್ವಿಚ್ ಆಫ್. ಅವರ ಎರಡನೇ ಫೋನು? ಅದೂ ಸ್ವಿಚ್ ಆಫ್!

ಆಗ ನನಗೆ ಅರ್ಥವಾಯಿತು. ಕಾಕಾ ಸರ್ವರಿನ ಜೊತೆಗೆ ತಮ್ಮನ್ನೂ ಕಿತ್ತುಕೊಂಡು ಹೋಗಿದ್ದಾರೆ. ಹಾಗಾದರೆ ಅವರ ಎರಡನೆಯದು ಯಾರು? ನಾನು! ಸ್ಟೆಪ್ನಿ ನಾನು!

ಕೈ ಪ್ಲಗ್ಗಿನ ಮೇಲೆ ಹೋಯಿತು. ಆದರೆ ಬಾಗೇವಾಡಿ ಕೆಲಸ ಎತ್ತಿಕೊಳ್ಳುವ ನಡುವೆ ಸಿಂದಗಿಯನ್ನು ಎಬ್ಬಿಸಿದರೆ ಎರಡೂ ಸರ್ವರ್‌ಗಳು 'ನಾನೇ ಯಜಮಾನ' ಎಂದು ಜಗಳಕ್ಕೆ ಬಿದ್ದು, ಇದ್ದಬಿದ್ದದ್ದನ್ನೂ ಕೆಡಿಸುತ್ತವೆ. ಕಾಕಾ ಇದನ್ನು ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದ್ದರು. ಕೈ ಹಿಂದಕ್ಕೆ ತೆಗೆದೆ. ಹಾಲ್‌ಗೆ ಬಂದು, "ಸ್ವಲ್ಪ ತಡೀರಿ, ಬರ್ತೈತಿ," ಎಂದೆ. ಅಧ್ಯಕ್ಷರು ಗಡಿಯಾರ ನೋಡಿದರು. ಚಕ್ರ ತಿರುಗಿತು, ತಿರುಗಿತು.

ಚಿತ್ರ ಮೂಡಿತು. ಬಾಗೇವಾಡಿಯಿಂದ! ಡಾಕ್ಟರು ಮುಂದೆ ಬಾಗಿ ನೋಡಿ ಫೋನಿನಲ್ಲಿ ಹೇಳಿದರು, "ಒಳಗ ರಕ್ತ ಬಂದಿಲ್ರಿ. ಅಲ್ಲೇ ಇಟ್ಕೊಂಡು ನೋಡ್ರಿ." ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ನಾನು ಆಟೋ ಹತ್ತಿ ಕಾಕಾನ ಮನೆಗೆ ಹೊರಟೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ.

ಅವರು ಕಾಕೂನ ಮಂಚದ ಪಕ್ಕ ಕುಳಿತು ಮೋಸಂಬಿ ಸುಲಿಯುತ್ತಿದ್ದರು.

"ಅದು ಒಬ್ಬ ಹೆಣಮಗಳ ತಲಿ ಸ್ಕ್ಯಾನ್ ಇತ್ರಿ ಕಾಕಾ! ಏನರೆ ಆಗಿದ್ರ?"

ಕಾಕಾನ ಮುಖ ಬಾಡಿತು. "ಪ್ಲಗ್ ಕಿತ್ತಾಗ ಕೇಸ್ ಬಂದಿದ್ದು ಗೊತ್ತಿರಲಿಲ್ಲ ಯವ್ವಾ. ಆದ್ರ ಏನರೆ ಆದೀತಂತ ಮುದ್ದೇಬಿಹಾಳ ಹಿಡದು ಎಲ್ಲಾ ಊರಾಗೂ ಸ್ಕ್ಯಾನಿನ ಒಂದು ಪ್ರತಿ ಇಟ್ಟಿದ್ದೆ, ಆಸ್ಪತ್ರಿ ಬಾಗಿಲಿಗೆ ಆಂಬ್ಯುಲೆನ್ಸ್ ನಿಲ್ಲಿಸಿದ್ದೆ." ಮೋಸಂಬಿ ಸಿಪ್ಪೆ ಬದಿಗಿಟ್ಟು ಕೇಳಿದರು, "ನಾ ಇಲ್ಲದ ನಡೀತು?"

"ನಡೀತು."

"ಕೇಳಿದ್ಯಾ?" ಎಂದು ಕಾಕೂನ ಕಡೆ ತಿರುಗಿದರು. "ಇನ್ನ ನಾ ಎಲ್ಲೂ ಹೋಗಂಗಿಲ್ಲ."

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಗೋಡೆಯ ಕಡೆ ನೋಡಿದೆ. ಆಕ್ಸಿಜನ್ ಮಷೀನಿನ ಪ್ಲಗ್ಗಿಗೆ ಸುತ್ತಲೂ ಟೇಪು ಬಿಗಿದಿತ್ತು, ಯಾರೂ ಮುಟ್ಟದಂತೆ. ಊರಿನ ಪ್ಲಗ್ಗನ್ನೆಲ್ಲ ಕಿತ್ತವರ ಮನೆಯಲ್ಲಿ!

"ಇದನ್ನ ಮಾತ್ರ ಯಾಕ ಕಿತ್ತು ನೋಡಿಲ್ರಿ ಕಾಕಾ? ಮಂಚದ ಕೆಳಗ ಸಿಲಿಂಡರ್ ಐತಲ್ಲ, ಎರಡನೇದು?"

ಕಾಕಾ ಮೋಸಂಬಿಯ ತೊಳೆಯೊಂದನ್ನು ಬಿಡಿಸಿ, ಬೀಜ ತೆಗೆದು, ಕಾಕೂನ ಕೈಯಲ್ಲಿಟ್ಟರು.

"ಮಷೀನಿಗೆ ಐತಿ," ಎಂದರು. "ಈಕಿಗೆ ಎರಡನೇದು ಎಲ್ಲೈತಿ?"

ಕಾಕೂ "ಹುಚ್ಚಪ್ಪ," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಬೈಗುಳವನ್ನೆಲ್ಲ ಅಲ್ಲೇ ಬಿಟ್ಟು, ಚಹಾ ಇಡಲು ಅಡುಗೆಮನೆಗೆ ಹೋದೆ.